ನೋರಮ್ಮನ ಊರಿನ ಊಟ

ಕರ್ನಾಟಕದ ಗಡಿಗೆ ಹತ್ತಿದ ಆಂಧ್ರದ ಊರು ಮಕ್ತಲಿನ ಬಸ್ ನಿಲ್ದಾಣದಿಂದ ನಾರಾಯಣಪೇಟೆ ರಸ್ತೆಗೆ ಹೊರಳಿದರೆ, ಬೇವಿನ ಮರಗಳ ಹಿಂದೆ ಒಂದು ಹೆಂಚಿನ ಕಟ್ಟಡ ಇತ್ತು. ಊರವರು ಅದನ್ನು ನೋರಮ್ಮನ ದವಾಖಾನೆ ಎನ್ನುತ್ತಿದ್ದರು. ನೋರಮ್ಮ ಐರ್ಲೆಂಡ್ ದೇಶದ ಕ್ರೈಸ್ತ ಸನ್ಯಾಸಿನಿ. ಸಿಸ್ಟರ್ ನೋರಾ ಎಂಬ ಹೆಸರು ಮಕ್ತಲಿನವರ ಬಾಯಲ್ಲಿ ವರ್ಷ ತುಂಬುವುದರೊಳಗೆ ನೋರಮ್ಮ ಆಗಿತ್ತು. ಮೂವತ್ತೆಂಟನೆಯ ವಯಸ್ಸಿಗೆ ಬಂದವರು ಮತ್ತೆ ಮೂವತ್ತೆಂಟು ವರ್ಷ ಇಲ್ಲೇ ಕಳೆದರು. ಹೆರಿಗೆ ಮಾಡಿಸಿದರು, ಚೇಳು ಕಡಿದವರಿಗೆ ಸೂಜಿ ಹಾಕಿದರು, ಗಾಯ ತೊಳೆದರು, ಔಷಧ ಕುಡಿಯದ ಮುದುಕರನ್ನು ಬೈದರು. ಬೈಯುವುದೂ ಮಕ್ತಲಿನ ಕನ್ನಡದಲ್ಲೇ. ಜೊತೆಗಿದ್ದ ಇಬ್ಬರು ಸನ್ಯಾಸಿನಿಯರಲ್ಲಿ ಒಬ್ಬರು ತೀರಿಕೊಂಡರು, ಇನ್ನೊಬ್ಬರು ಹೈದರಾಬಾದಿಗೆ ಹೋದರು. ಕೊನೆಗೆ ದವಾಖಾನೆಯಲ್ಲಿ ಉಳಿದವರು ನೋರಮ್ಮ, ಕಂಪೌಂಡರ್ ಅಂಜಯ್ಯ, ಗದ್ವಾಲದ ನೇಕಾರರ ಮನೆಯ ನರ್ಸ್ ಪ್ರಶಾಂತಿ ಮತ್ತು ಅಡುಗೆಯ ಹಂಪಮ್ಮ.

ಹಂಪಮ್ಮ ಜಂಗಮರ ಮನೆಯ ಹೆಣ್ಣುಮಗಳು. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡ ಜ್ವರದಲ್ಲಿ ಹೋದ. ಮಕ್ಕಳಿರಲಿಲ್ಲ. ತವರಿಗೆ ಮರಳಿದವಳನ್ನು ಅಣ್ಣ ಮಹಾಂತಯ್ಯನೇ ಕರೆದುಕೊಂಡು ಬಂದು ದವಾಖಾನೆಯ ಅಡುಗೆಗೆ ಬಿಟ್ಟಿದ್ದ. ಅವನಿಗೆ ಮಕ್ತಲಿನ ಪೇಟೆಯಲ್ಲಿ ಕಾಳುಕಡಿಯ ಅಂಗಡಿ. ಅವತ್ತು ಅವನು ಅಂಗಳದಲ್ಲೇ ನಿಂತು ಒಂದು ಮಾತು ಹೇಳಿದ್ದ: "ನೋಡ್ರೀ ಅಮ್ಮಾರೇ, ನನ್ನ ತಂಗಿ ಕೊಳ್ಳಾಗ ಲಿಂಗ ಐತಿ. ಖಂಡ, ತತ್ತಿ ಮುಟ್ಟಂಗಿಲ್ಲ. ಒಲಿ ಮ್ಯಾಲೆ ಅದು ಏರಿದ ದಿವಸ ನಾ ಬಂದು ಕರಕೊಂಡು ಹೋಗ್ತೀನಿ."

ನೋರಮ್ಮ ಆಗಲಿ ಎಂದರು. ಅದು ೧೯೮೩. ಹಂಪಮ್ಮನಿಗೆ ಇಪ್ಪತ್ತಮೂರು ವರ್ಷ.

ಆ ಅಡುಗೆಮನೆಯಲ್ಲಿ ಅವಳು ತನ್ನ ಊರಿನ ಅಡುಗೆ ಮಾಡಿದಳು, ನೋರಮ್ಮನ ಊರಿನದನ್ನೂ ಕಲಿತಳು. ಗೋಧಿಹಿಟ್ಟಿಗೆ ಅಡುಗೆ ಸೋಡಾ ಮತ್ತು ಹುಳಿ ಮಜ್ಜಿಗೆ ಹಾಕಿ ಕಲಸಿ, ದಪ್ಪ ಬೋಗುಣಿಯಲ್ಲಿಟ್ಟು, ಮುಚ್ಚಳದ ಮೇಲೆ ಕೆಂಡ ಹೇರಿ ಬೇಯಿಸುವ ರೊಟ್ಟಿ. ನಮ್ಮವ್ವನೂ ಹಿಂಗ ಕೆಂಡ ಇಟ್ಟು ಮಾಡ್ತಿದ್ಲು ಎಂದು ನೋರಮ್ಮ ಹೇಳಿದಾಗ ಹಂಪಮ್ಮನಿಗೆ ಆಶ್ಚರ್ಯವಾಗಿತ್ತು. ಬಿಳಿಯರ ಮನೆಯಲ್ಲಿಯೂ ಕೆಂಡ, ಬೂದಿ ಇರುತ್ತವೆಂದು ಅವಳಿಗೆ ಗೊತ್ತಿರಲಿಲ್ಲ. ಬೇಯಿಸಿದ ಆಲೂಗಡ್ಡೆಗೆ ಎಲೆಕೋಸು, ಹಾಲು, ಬೆಣ್ಣೆ ಸೇರಿಸಿ ನಾದುವ ಕೋಲ್ಕ್ಯಾನನ್ ಎಂಬ ಪಲ್ಯ ಹಂಪಮ್ಮನ ಬಾಯಲ್ಲಿ ಕಲ್ಕಾನ ಆಯಿತು. ಹಸಿ ಆಲೂಗಡ್ಡೆ ತುರಿದು ಹಂಚಿನ ಮೇಲೆ ಹುಯ್ಯುವ ದೋಸೆ ಒಂದಿತ್ತು. ಒಣದ್ರಾಕ್ಷಿಯನ್ನು ಚಹಾದಲ್ಲಿ ನೆನೆಹಾಕಿ ಮಾಡುವ ಸಿಹಿ ರೊಟ್ಟಿ ಇನ್ನೊಂದು. ಓದು ಬಾರದ ಹಂಪಮ್ಮ ಎಲ್ಲವನ್ನೂ ಕೈಯಲ್ಲೇ ಕಲಿತಳು.

ಪ್ರತಿ ಕ್ರಿಸ್‌ಮಸ್ ದಿನ ದವಾಖಾನೆಯ ಪಡಸಾಲೆಯಲ್ಲಿ ಬುತ್ತಿ ಊಟ. ಬರುವವರೆಲ್ಲ ತಮ್ಮ ಮನೆಯಿಂದ ಒಂದೊಂದು ಅಡುಗೆ ಕಟ್ಟಿಕೊಂಡು ಬಂದು, ಚಾಪೆ ಹಾಸಿ, ಒಬ್ಬರದನ್ನು ಒಬ್ಬರು ಹಂಚಿಕೊಂಡು ಉಣ್ಣುವುದು. ಸಜ್ಜೆ ರೊಟ್ಟಿ, ಹೋಳಿಗೆ, ಪುಳಿಹೋರ ಎಲ್ಲ ಬರುತ್ತಿದ್ದವು. ನೋರಮ್ಮ ಎಲ್ಲರದ್ದನ್ನೂ ಒಂದೊಂದು ತುತ್ತು ತಿಂದು ಹೆಸರು ಹಿಡಿದು ಹೊಗಳುತ್ತಿದ್ದರು.

೨೦೧೪ರ ಜೂನಿನಲ್ಲಿ ತೆಲಂಗಾಣ ಬೇರೆ ರಾಜ್ಯವಾಯಿತು. ದವಾಖಾನೆಯ ಫಲಕದ ಮೇಲಿನ ಆಂಧ್ರಪ್ರದೇಶ ಅಳಿಸಿ ತೆಲಂಗಾಣ ಎಂದು ಅಂಜಯ್ಯ ತಾನೇ ಬರೆದ. ಆ ಬಣ್ಣ ಇನ್ನೂ ಹೊಸದಾಗಿರುವಾಗಲೇ, ನವೆಂಬರಿನಲ್ಲಿ, ನೋರಮ್ಮನ ಸನ್ಯಾಸಿನಿ ಸಂಘದವರಿಂದ ಪತ್ರ ಬಂತು. ದವಾಖಾನೆ ಮುಚ್ಚುವುದು, ನೋರಮ್ಮ ವಯಸ್ಸಾದ ಕಾರಣ ಡಿಸೆಂಬರ್ ಇಪ್ಪತ್ತೇಳಕ್ಕೆ ತಮ್ಮ ದೇಶಕ್ಕೆ ಹೊರಡುವುದು.

ಹಂಪಮ್ಮ ಹಿತ್ತಲಲ್ಲಿ ಕುಳಿತು ತೊಗರಿಬೇಳೆ ಆರಿಸುತ್ತಿದ್ದಳು. ನೋರಮ್ಮ ಬಂದು ಎದುರಿನ ಕಲ್ಲಿನ ಮೇಲೆ ಕುಳಿತರು.

"ಹಂಪಿ, ನಾ ಊರಿಗೆ ಹೋಗ್ಬೇಕಂತ."

"ಹೈದರಾಬಾದಿಗೇನ್ರಿ?"

"ಅಲ್ಲ. ನನ್ನ ಊರಿಗೆ."

"ತಿರುಗಿ ಯಾವಾಗ ಬರ್ತೀರಿ?"

"ಬರಂಗಿಲ್ಲ."

ಹಂಪಮ್ಮ ಆರಿಸಿದ ಬೇಳೆಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಆರಿಸತೊಡಗಿದಳು.

"ನೀ ಎಲ್ಲಿರ್ತಿ?" ಎಂದರು ನೋರಮ್ಮ.

"ಅಣ್ಣನ ಮನಿ ಐತಲ್ರಿ. ನನ್ನ ಚಿಂತಿ ಬಿಡ್ರಿ."

ಕೊನೆಯ ಕ್ರಿಸ್‌ಮಸ್ ಊಟದ ಯೋಚನೆ ಪ್ರಶಾಂತಿಯದು. "ಇಷ್ಟು ವರ್ಷ ಅಮ್ಮ ನಮ್ಮ ಊಟ ಉಂಡಾರ. ಈ ಸಲ ಎಲ್ಲಾರೂ ಅವರ ಊರಿನ ಅಡುಗಿ ಮಾಡಿ ತರೋಣು. ದೊಡ್ಡವ್ವಾ, ನೀನ ಕಲಿಸಬೇಕು" ಎಂದಳು. ಅವಳು ಹಂಪಮ್ಮನನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದಳು.

ಡಿಸೆಂಬರ್ ಮೊದಲ ವಾರದಿಂದ ದವಾಖಾನೆಯ ಅಡುಗೆಮನೆಗೆ ಓಣಿಯ ಹೆಂಗಸರು ಬರತೊಡಗಿದರು. ಹಂಪಮ್ಮ ಕಲಿಸಿದಳು. ಅಂಜಯ್ಯನ ಹೆಂಡತಿ ತಿರುಪತಮ್ಮ ಕಲ್ಕಾನದ ರುಚಿ ನೋಡಿ ಮುಖ ಕಿವುಚಿದಳು.

"ಇದಕ್ಕ ಖಾರ ಇಲ್ಲ, ಒಗ್ಗರಣಿ ಇಲ್ಲ. ಹೆಂಗ ನುಂಗೋದು ಹಂಪಮ್ಮಾ? ಎರಡ ಹಸಿಮೆಣಸಿನಕಾಯಿ ಹಾಕಲೇನು?"

"ಹಾಕಬ್ಯಾಡವ್ವಾ. ಅವರ ಊರಾಗ ಮೆಣಸಿನಕಾಯಿ ಬೆಳೆಯಂಗಿಲ್ಲಂತ."

"ಪಾಪ!" ಎಂದಳು ತಿರುಪತಮ್ಮ, ಮನಸ್ಸಿನಿಂದಲೇ. ಎಲ್ಲರೂ ನಕ್ಕರು. ಹಂಪಮ್ಮನೂ ನಕ್ಕಳು. ಆ ಮೂರು ವಾರ ಅವಳು ಹೋಗುವ ದಿನದ ಬಗ್ಗೆ ಯೋಚಿಸಲಿಲ್ಲ; ಯಾರ ರೊಟ್ಟಿ ಉಬ್ಬಿತು, ಯಾರದು ಕಲ್ಲಾಯಿತು ಎಂಬುದರಲ್ಲೇ ದಿನ ಕಳೆದವು.

ಒಂದು ಮಧ್ಯಾಹ್ನ ರೋಗಿಗಳು ಹೋದ ಮೇಲೆ ಪ್ರಶಾಂತಿ ನೋರಮ್ಮನನ್ನು ಕೇಳುತ್ತಿದ್ದಳು. ಹಂಪಮ್ಮ ಚಹಾ ಹಿಡಿದು ಬಾಗಿಲ ಆಚೆ ಇದ್ದಳು.

"ಅಮ್ಮಾ, ನಿಮ್ಮೂರಿನ ಅಡುಗ್ಯಾಗ ನಿಮಗ ಭಾಳ ನೆನಪಾಗೋದು ಯಾವ್ದು?"

"ನಮ್ಮವ್ವ ಮಾಡ್ತಿದ್ದ ಕುರಿ ಖಂಡದ ಸಾರು" ಎಂದರು ನೋರಮ್ಮ, ತಡೆಯದೆ. "ಬರೇ ಆಲೂಗಡ್ಡಿ, ಉಳ್ಳಾಗಡ್ಡಿ, ಗಜ್ಜರಿ, ಖಂಡ. ಮುಂಜಾನಿಂದ ಮಧ್ಯಾಹ್ನದ ತನಕ ಸಣ್ಣ ಉರಿ ಮ್ಯಾಲೆ. ಹಬ್ಬದ ದಿನ ಬಾಗಿಲಿಗೆ ಬರೂದ್ರಾಗ ವಾಸನಿ ಬರ್ತಿತ್ತು." ಅಷ್ಟರಲ್ಲಿ ಹಂಪಮ್ಮ ಕಣ್ಣಿಗೆ ಬಿದ್ದಳು. ನೋರಮ್ಮ ಮಾತು ನಿಲ್ಲಿಸಿ, "ಅದೆಲ್ಲ ಸಣ್ಣಾಕಿ ಇದ್ದಾಗಿಂದು" ಎಂದು ಚಹಾ ತೆಗೆದುಕೊಂಡರು.

ಪ್ರಶಾಂತಿ ಹೋದ ಮೇಲೆ ಹಂಪಮ್ಮ ಕೇಳಿದಳು. "ನನಗ ಒಂದಿನಾನೂ ಹೇಳಲಿಲ್ಲಲ್ರಿ."

"ಹೇಳಿ ಏನ್ ಮಾಡ್ಲಿ? ನಿಮ್ಮಣ್ಣಗ ಮಾತು ಕೊಟ್ಟಿದ್ದೆ."

"ಒಲಿ ಮ್ಯಾಲೆ ಏರಬಾರದಂತ ಅಂದಿದ್ದ. ಹೊರಗ ಉಣ್ಣಬ್ಯಾಡ್ರಿ ಅಂದಿದ್ದಿಲ್ಲಲ್ಲ. ಹೈದರಾಬಾದಿಗೆ ಹೋದಾಗ ಉಣಬೇಕಿತ್ತು."

"ಮೊದಲನೇ ವರ್ಷ ಉಂಡೆ. ತಿರುಗಿ ಬಂದ ಮ್ಯಾಲೆ ನೀ ನನ್ನ ಸೀರಿ ಒಗಿಯಾಕ ತಗೊಂಡಿ. ವಾಸನಿ ಹತ್ತಿತೇನೋ, ದೂರ ಹಿಡದಿ. ಏನೂ ಅನ್ನಲಿಲ್ಲ ನೀನು. ಅವತ್ತಿಂದ ಬಿಟ್ಟೆ. ಅದೇನು ದೊಡ್ಡ ಕಷ್ಟ ಅಲ್ಲ ಹಂಪಿ."

ಹಂಪಮ್ಮನಿಗೆ ಆ ಸೀರೆಯ ನೆನಪೇ ಇರಲಿಲ್ಲ. ತಾನು ಯಾವಾಗ ದೂರ ಹಿಡಿದೆ, ಹಿಡಿದೆನೋ ಇಲ್ಲವೋ, ಒಂದೂ ನೆನಪಾಗಲಿಲ್ಲ. ನೆನಪೇ ಇಲ್ಲದ ಒಂದು ಗಳಿಗೆಗಾಗಿ ಇವರು ಮೂವತ್ತು ವರ್ಷ ಬಾಯಿ ಕಟ್ಟಿದ್ದರು. ಅದು ಅವಳನ್ನು ಸುಮ್ಮನಿರಗೊಡಲಿಲ್ಲ. ರೊಟ್ಟಿ ತಟ್ಟುವಾಗ ಅದೇ ಯೋಚನೆ, ಲಿಂಗಪೂಜೆಗೆ ಕುಳಿತಾಗ ಅದೇ ಯೋಚನೆ. ನಾಲ್ಕನೆಯ ದಿನ ಅವಳು, ಆ ಸಾರನ್ನು ಒಮ್ಮೆ ತಾನೇ ಮಾಡಿಕೊಡುತ್ತೇನೆಂದು ಹೇಳಲು ಅಣ್ಣನ ಅಂಗಡಿಗೆ ಹೋದಳು. ಕದ್ದು ಮಾಡುವ ಮನಸ್ಸು ಅವಳದಲ್ಲ.

ಮಹಾಂತಯ್ಯ ಪೂರ್ತಿ ಕೇಳಿದ. ಗಿರಾಕಿಗಳು ಹೋಗುವ ತನಕ ಕಾದು ಹೇಳಿದ: "ತಂಗಿ, ನಿನಗ ಬುದ್ಧಿ ನೆಟ್ಟಗೈತೋ ಇಲ್ಲೋ? ನಾಳಿ ನೀ ನನ್ನ ಮನಿ ಒಲಿ ಮುಂದ ಕೂಡೋಳು. ಅದೇ ಕೈಲೆ ಪ್ರಸಾದ ಮಾಡಾಕಿ."

"ಒಂದ ಸಲ ಅಣ್ಣಾ. ಉಣ್ಣಂಗಿಲ್ಲ ನಾನು. ಮಾಡಿ ಕೊಡ್ತೀನಿ, ಅಷ್ಟ."

"ಅಂಜಯ್ಯನ ಹೇಂತಿ ಮಾಡ್ಲಿ. ಅವರ ಮನ್ಯಾಗ ನಡೀತೈತಿ."

"ಆಕಿ ಮಾಡಿದ್ರ ಆಕಿ ಮಾಡಿದಂಗಾತು. ನನ್ನ ಸಲುವಾಗಿ ಬಿಟ್ಟಾರ. ನಾನ ಮಾಡಬೇಕು."

ಮಹಾಂತಯ್ಯ ತೂಕದ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟ. ಅವನಿಗೂ ಅರವತ್ತೆರಡು. ತಂಗಿಯನ್ನು ಕಂಡರೆ ಪ್ರೀತಿಯೇ. ಅವಳಿಗೆಂದು ಹಿತ್ತಲ ಕೋಣೆಗೆ ಸುಣ್ಣ ಹೊಡೆಸಿದ್ದ. "ಮಾಡಿದಿ ಅಂದ್ರ ನನ್ನ ಹೊಸ್ತಿಲ ತುಳೀಬ್ಯಾಡ. ನನಗೂ ಹೆಣ್ಣಮಕ್ಕಳ ಬೀಗರದಾರ, ಮಠ ಐತಿ. ಮತ್ತ ಕೇಳಬ್ಯಾಡ ನನ್ನ" ಎಂದ.

ಹಂಪಮ್ಮ ಮೆಟ್ಟಿಲಿಳಿದು ಬಂದಳು. ದವಾಖಾನೆಗೆ ಮರಳಿ ಅಣ್ಣ ಅಂದದ್ದನ್ನು ಯಾರಿಗೂ ಹೇಳಲಿಲ್ಲ, ಪ್ರಶಾಂತಿಯೊಬ್ಬಳನ್ನು ಬಿಟ್ಟು. "ಅಮ್ಮಾರಿಗೆ ಗೊತ್ತಾಗಬಾರದು" ಎಂದು ಆಣೆ ಹಾಕಿಸಿಕೊಂಡಳು.

ಕ್ರಿಸ್‌ಮಸ್ ದಿನ ನೋರಮ್ಮ ಪೂಜೆಗೆಂದು ಚರ್ಚಿಗೆ ಹೋದಾಗ ಅಂಜಯ್ಯ ಖಂಡ ತಂದುಕೊಟ್ಟ. ಹಂಪಮ್ಮ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗಳದಲ್ಲಿ ಮೂರು ಕಲ್ಲು ಹೂಡಿದ್ದಳು. ಅಡುಗೆಮನೆಯ ಒಲೆಯ ಮೇಲೆ ಏರಿಸಬಾರದೆಂಬ ಅಷ್ಟು ಮಾತನ್ನು ಮಾತ್ರ ಉಳಿಸಿಕೊಂಡಿದ್ದಳು. ಲಿಂಗವನ್ನು ಬಿಚ್ಚಿಡುತ್ತೀಯಾ ಎಂದು ತಿರುಪತಮ್ಮ ಮೆಲ್ಲಗೆ ಕೇಳಿದಳು.

"ಬಿಚ್ಚಿಟ್ಟು ಮಾಡಿದ್ರ ಶಿವಗ ಕಾಣಂಗಿಲ್ಲೇನು? ಇರಲಿ" ಎಂದಳು ಹಂಪಮ್ಮ.

ಖಂಡವನ್ನು ಅವಳೇ ತೊಳೆದಳು. ಮೆತ್ತಗಿತ್ತು, ತಣ್ಣಗಿತ್ತು. ಒಮ್ಮೆ ಎದ್ದು ಹೋಗಿ ಬೇವಿನ ಮರದ ಬುಡದಲ್ಲಿ ವಾಂತಿ ಮಾಡಿದಳು, ಬಾಯಿ ತೊಳೆದುಕೊಂಡು ಬಂದು ಮತ್ತೆ ಕುಳಿತಳು. ಅಂಜಯ್ಯ ದೂರ ನಿಂತು ಹೇಳುತ್ತ ಹೋದ: ಇಷ್ಟು ನೀರು, ಈಗ ಉಳ್ಳಾಗಡ್ಡಿ, ಇನ್ನೊಂದು ತಾಸಿನ ಮೇಲೆ ಆಲೂಗಡ್ಡಿ. ಅರಿಶಿನ ಇಲ್ಲ, ಖಾರದ ಪುಡಿ ಇಲ್ಲ. ಕರಿಮೆಣಸು, ಉಪ್ಪು ಮಾತ್ರ. ಉಪ್ಪು ಸರಿಯಾಗಿದೆಯೇ ಎಂದು ಹಂಪಮ್ಮ ನೋಡುವಂತಿರಲಿಲ್ಲ. ಅಂಜಯ್ಯ ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿ, "ಬಾಗ ಉಂದಿ", ಚೆನ್ನಾಗಿದೆ, ಎಂದ. ಅವನಿಗೆ ಖುಷಿಯಾದಾಗ ತೆಲುಗೇ ಬರುತ್ತಿತ್ತು.

ಮಧ್ಯಾಹ್ನ ಹನ್ನೆರಡೂವರೆಗೆ ಪಡಸಾಲೆ ತುಂಬಿತು. ಇಪ್ಪತ್ತೈದು ಮೂವತ್ತು ಜನ. ಉದ್ದಕ್ಕೂ ಪಾತ್ರೆಗಳು. ನೋರಮ್ಮ ಬಂದು ಒಂದೊಂದರ ಮುಚ್ಚಳ ತೆಗೆದು ನೋಡಿದರು, ನೋಡನೋಡುತ್ತ ಬಾಯಿಗೆ ಸೆರಗು ಹಿಡಿದರು. ಎಂಟು ಮನೆಗಳ ಸೋಡಾ ರೊಟ್ಟಿ, ಎಂಟೂ ಬೇರೆ ಬೇರೆ ಆಕಾರ. ಆಲೂ ದೋಸೆ. ಚಹಾದಲ್ಲಿ ನೆನೆದ ದ್ರಾಕ್ಷಿಯ ಸಿಹಿ ರೊಟ್ಟಿ. ತಿರುಪತಮ್ಮನ ಕಲ್ಕಾನ ಬಾಯಿಗಿಟ್ಟು ಅವರು ಕೆಮ್ಮಿದರು. "ಯಾರು ಮೆಣಸಿನಕಾಯಿ ಹಾಕಿದಾಕಿ?" ಎಂದು ಕಣ್ಣೊರೆಸಿಕೊಂಡು ನಕ್ಕರು. "ಎರಡ ಹಾಕೀನ್ರಿ, ಎರಡ" ಎಂದಳು ತಿರುಪತಮ್ಮ.

ಕೊನೆಯ ಪಾತ್ರೆ ಹಂಪಮ್ಮನ ಮುಂದಿತ್ತು. ಮುಚ್ಚಳ ತೆಗೆದ ನೋರಮ್ಮ ಅದನ್ನು ಕೈಯಲ್ಲಿ ಹಿಡಿದೇ ಪಾತ್ರೆಯ ಮೇಲೆ ಬಗ್ಗಿದರು. ಮುಖಕ್ಕೆ ಹಬೆ ಬಡಿಯುತ್ತಿತ್ತು.

"ಅಂಜಯ್ಯನ ಮನ್ಯಾಗ ಮಾಡ್ಯಾರೇನು?"

"ಇಲ್ರಿ. ನಾ ಮಾಡೀನಿ" ಎಂದಳು ಹಂಪಮ್ಮ. ಬಟ್ಟಲಿಗೆ ಬಡಿಸಿ ಎರಡೂ ಕೈಯಲ್ಲಿ ಹಿಡಿದು ಎದುರಿಗೆ ಚಾಚಿದಳು. ಜೀವನದಲ್ಲಿ ಯಾರಿಗೂ ಅಷ್ಟು ಆಸೆಯಿಂದ ಅವಳು ಏನನ್ನೂ ಕೊಟ್ಟಿರಲಿಲ್ಲ.

ನೋರಮ್ಮ ಬಟ್ಟಲು ತೆಗೆದುಕೊಳ್ಳಲಿಲ್ಲ. "ನಿನಗ ಯಾರು ಮಾಡು ಅಂದ್ರು?" ಎಂದರು. ದನಿ ಒಡೆದಿತ್ತು.

"ಯಾರೂ ಅಂದಿಲ್ರಿ. ನೀವು ಅವತ್ತ..."

"ಇದನ್ನ ನಾ ಉಣ್ಣಂಗಿಲ್ಲ ಹಂಪಿ. ಒಯ್ಯಿ."

ಹಂಪಮ್ಮ ಬಟ್ಟಲನ್ನು ಕೆಳಗಿಟ್ಟು ಒಳಗೆ ಹೋದಳು. ಅಂಜಯ್ಯ ಆ ಸಾರನ್ನು ತಾನು ಬಡಿಸಿಕೊಂಡ, ಇನ್ನೂ ಕೆಲವರಿಗೆ ಬಡಿಸಿದ. ಚೆನ್ನಾಗಿದೆ ಎಂದು ಎಲ್ಲರೂ ಒಬ್ಬರಿಗೊಬ್ಬರು ಜೋರಾಗಿ ಹೇಳಿಕೊಂಡರು. ನೋರಮ್ಮ ಒಂದು ಚೂರು ರೊಟ್ಟಿ ಹಿಡಿದು ಕುಳಿತಿದ್ದರು.

ಜನ ಹೋದ ಮೇಲೆ ನೋರಮ್ಮ ಅಡುಗೆಮನೆಗೆ ಬಂದರು. ಹಂಪಮ್ಮ ಪಾತ್ರೆ ತಿಕ್ಕುತ್ತಿದ್ದಳು, ತಿರುಗಲಿಲ್ಲ.

"ಇಲ್ಲಿ ಬಂದ ಮ್ಯಾಲೆ ನಾ ಭಾಳ ತಪ್ಪು ಮಾಡೀನಿ" ಎಂದರು ನೋರಮ್ಮ. "ಉಳಿಸಬೇಕಾದವರನ್ನ ಉಳಿಸಾಕ ಆಗಿಲ್ಲ. ಒಂದ ಕೆಲಸ ಮಾತ್ರ ಸರಿಯಾಗಿ ಮಾಡೀನಂತ ತಿಳಕೊಂಡಿದ್ದೆ. ನನ್ನ ಸಲುವಾಗಿ ನಿನ್ನ ಧರ್ಮ ಕೆಡಲಿಲ್ಲ ಅಂತ. ಹೋಗೋ ಮುಂದ ನೀನ ಅದನ್ನ ಕೆಡಿಸಿದಿ."

ಹಂಪಮ್ಮ ಎದ್ದು ನಿಂತಳು. ಮೂವತ್ತೊಂದು ವರ್ಷದಲ್ಲಿ ಅವಳು ನೋರಮ್ಮನ ಎದುರು ದನಿ ಏರಿಸಿರಲಿಲ್ಲ.

"ಒಂದ ತುತ್ತು ಉಂಡಿದ್ರ ಏನ್ ಹೋಗ್ತಿತ್ರೀ ನಿಮ್ಮದು? ನಮ್ಮಣ್ಣ ನನ್ನ ಹೊಸ್ತಿಲ ತುಳೀಬ್ಯಾಡ ಅಂದಾನ. ಅಂದರೂ ಮಾಡೀನಿ. ನಾಳಿ ನಾ ಎಲ್ಲಿ ಮಲಗಬೇಕೋ ನನಗ ಗೊತ್ತಿಲ್ಲ. ನಿಮ್ಮ ಬಾಯಿಗೆ ಒಂದ ತುತ್ತು ಹೋಗ್ಲಿ ಅಂತ ಮಾಡೀನಿ. ಮಂದಿ ಎದುರಿಗೆ ಒಯ್ಯಿ ಅಂದ್ರಿ. ನಾಯಿಗೆ ಅಂದಂಗ ಅಂದ್ರಿ."

ನೋರಮ್ಮನ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಬಾಯಿ ತೆರೆದರು. ಹಂಪಮ್ಮ ಅವರನ್ನು ದಾಟಿಕೊಂಡು ಹಿತ್ತಲಿಗೆ ಹೋಗಿಬಿಟ್ಟಳು.

ಮರುದಿನ ನೋರಮ್ಮ ಕೋಲೂರಿಕೊಂಡು ಪೇಟೆಯ ತನಕ ನಡೆದು ಹೋದರು. ಮಹಾಂತಯ್ಯ ಎದ್ದು ನಿಂತು ಕೈಮುಗಿದ, ಖುರ್ಚಿ ಹಾಕಿಸಿದ, ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. "ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ರಿ ಅಮ್ಮಾರೇ. ಆದ್ರ ಆಗಿದ್ದು ಆಗಿಹೋತು" ಎಂದ. ಅವರು ಬಂದ ದಾರಿಯಲ್ಲೇ ಮರಳಿದರು. ಈ ಸಂಗತಿ ಹಂಪಮ್ಮನಿಗೆ ಆಗ ಗೊತ್ತಾಗಲಿಲ್ಲ. ಎಷ್ಟೋ ದಿನಗಳ ಮೇಲೆ ಅಂಜಯ್ಯ ಹೇಳಿದ.

ಆ ಎರಡು ದಿನ ಅವಳು ಅಡುಗೆ ಮಾಡಿ ಮುಚ್ಚಿಡುತ್ತಿದ್ದಳು. ನೋರಮ್ಮ ಬಂದು ತಾವೇ ಬಡಿಸಿಕೊಂಡು ಉಣ್ಣುತ್ತಿದ್ದರು. ಒಂದೆರಡು ಸಲ ಹಂಪಿ ಎಂದು ಕರೆದರು. ಅವಳು ಓಗೊಡಲಿಲ್ಲ. ಇವತ್ತಲ್ಲ ನಾಳೆ ತಾನೇ ಸರಿಹೋದೀತು ಎಂಬಂತೆ ಸಿಟ್ಟನ್ನು ಹಿಡಿದುಕೊಂಡಿದ್ದಳು. ಎಷ್ಟೋ ವರ್ಷಗಳಲ್ಲಿ ಅವರಿಬ್ಬರ ನಡುವೆ ಸಣ್ಣಪುಟ್ಟ ಮುನಿಸುಗಳು ಹಾಗೆಯೇ ಸರಿಹೋಗಿದ್ದವು.

ಇಪ್ಪತ್ತೇಳರ ಬೆಳಿಗ್ಗೆ ಎಂಟಕ್ಕೆ ಹೈದರಾಬಾದಿನಿಂದ ಕಾರು ಬಂತು. ಅಂಗಳದ ತುಂಬ ಜನ. ಹೆಂಗಸರು ಅಳುತ್ತಿದ್ದರು. ಹಂಪಮ್ಮ ದಾರಿಗೆಂದು ಕಟ್ಟಿದ ಬುತ್ತಿಯನ್ನು ಪ್ರಶಾಂತಿಯ ಕೈಯಲ್ಲಿ ಕಳಿಸಿ ಬಾಗಿಲ ಹತ್ತಿರ ನಿಂತಿದ್ದಳು. ನೋರಮ್ಮ ಎಲ್ಲರನ್ನೂ ಮಾತಾಡಿಸಿ ಕೊನೆಗೆ ಅವಳ ಬಳಿ ಬಂದು ತಲೆಯ ಮೇಲೆ ಕೈಯಿಟ್ಟರು. ಬಹಳ ಹೊತ್ತು ಇಟ್ಟರು. ಹಂಪಮ್ಮ ಮುಖ ಎತ್ತಲಿಲ್ಲ. ಅವಳಿಗೆ ಕಂಡದ್ದು ಅವರ ಚಪ್ಪಲಿ ಮತ್ತು ಊದಿಕೊಂಡ ಪಾದಗಳು ಮಾತ್ರ.

"ಹೋಗಿ ಬರ್ಲಿ?" ಎಂದರು ನೋರಮ್ಮ.

ಹ್ಞೂಂ ಎನ್ನಲೂ ಅವಳಿಗೆ ಆಗಲಿಲ್ಲ. ಸಿಟ್ಟಿನಿಂದಲ್ಲ, ಬಾಯಿ ತೆರೆದರೆ ಅಳು ಬರುತ್ತಿತ್ತು. ಆದರೆ ಅವರಿಗೆ ಅದು ಸಿಟ್ಟೆಂದೇ ಕಂಡಿರಬೇಕು. ಕಾರು ರಸ್ತೆಗೆ ಏರಿದ ಮೇಲೆ ಅವಳು ಹೊರಗೆ ಓಡಿದಳು. ಧೂಳಷ್ಟೇ ಇತ್ತು.

ದವಾಖಾನೆಗೆ ಬೀಗ ಬಿತ್ತು. ಪ್ರಶಾಂತಿಗೆ ಗದ್ವಾಲದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅವಳು ಹಂಪಮ್ಮನನ್ನು ಬಿಟ್ಟು ಹೋಗಲಿಲ್ಲ. ಇಬ್ಬರೂ ಒಂದೊಂದು ಟ್ರಂಕು ಹೊತ್ತು ಬಸ್ಸು ಹತ್ತಿ, ಜೂರಾಲ ಅಣೆಕಟ್ಟು ದಾಟಿ ಗದ್ವಾಲಕ್ಕೆ ಬಂದರು. ಪ್ರಶಾಂತಿಯ ತಂದೆ ಶಂಕರಯ್ಯ, ಮಗ್ಗದ ಕೆಲಸದವನು, ತಾನೇ ಓಡಾಡಿ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅವಳಿಗೆ ಅಡುಗೆಯ ಕೆಲಸ ಕೊಡಿಸಿದ. ಉಳಿಯಲು ಅಲ್ಲೇ ಒಂದು ಕೋಣೆ.

ಫೆಬ್ರವರಿಯಲ್ಲಿ ನೋರಮ್ಮನಿಂದ ಒಂದು ಕಾಗದ ಬಂತು, ಪ್ರಶಾಂತಿಯ ವಿಳಾಸಕ್ಕೆ. ಚಳಿ ಬಹಳ, ಕಿಟಕಿಯಿಂದ ಸಮುದ್ರ ಕಾಣುತ್ತದೆ, ಕೋಣೆ ಬೆಚ್ಚಗಿದೆ ಎಂದೆಲ್ಲ ಇತ್ತು. ಇಂಗ್ಲಿಷ್ ಅಲ್ಲಲ್ಲಿ ತಪ್ಪಿತ್ತು. ನಡುನಡುವೆ ಕನ್ನಡದ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು. ಕಡೆಯಲ್ಲಿ ಒಂದೇ ಪ್ರಶ್ನೆ: ಹಂಪಿಯನ್ನು ಅಣ್ಣ ಮನೆಗೆ ಕರೆದುಕೊಂಡನೇ?

"ಏನ್ ಬರೀಲಿ ದೊಡ್ಡವ್ವಾ?"

"ಕರಕೊಂಡ ಅಂತ ಬರಿ. ಹಿತ್ತಲ ಕೋಣ್ಯಾಗ ಆರಾಮ ಅದೀನಂತ ಬರಿ."

ಪ್ರಶಾಂತಿ ಅವಳ ಮುಖ ನೋಡಿದಳು. ಹಂಪಮ್ಮ ಮತ್ತೆ ಹೇಳಿದಳು: "ಬರಿಯವ್ವಾ. ಅಲ್ಲಿ ಕುಂತು ಅವರ್ಯಾಕ ಮರಗಬೇಕು?"

ಮಹಾಂತಯ್ಯ ಒಮ್ಮೆ ಗದ್ವಾಲದ ಸಂತೆಗೆ ಬಂದವನು ಹಾಸ್ಟೆಲಿನ ಗೇಟಿನ ತನಕ ಬಂದ. ಸೊರಗಿ ಇಳಿದುಹೋಗಿದ್ದ. ಮಠಕ್ಕೆ ಬಂದು ಪಾದೋದಕ ತಗೊಂಡು, ತಪ್ಪಾಯಿತೆಂದು ಒಂದು ಮಾತು ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದ. ಹಂಪಮ್ಮ ಅವನಿಗೆ ನೀರು ಕೊಟ್ಟಳು, ಮಕ್ಕಳ ಸುದ್ದಿ ಕೇಳಿದಳು. "ಪಾದೋದಕ ತಗೋತೀನಿ ಅಣ್ಣಾ. ತಪ್ಪಾತು ಅನ್ನಾಕ ನನಗ ಬರವಲ್ದು" ಎಂದಳು. ಅವನು ಟವೆಲಿನಿಂದ ಮುಖ ಒರೆಸಿಕೊಂಡು ಹೊರಟುಹೋದ.

ನೋರಮ್ಮನಿಂದ ಮತ್ತೆ ಕಾಗದ ಬರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಬಂದದ್ದು ಅವರ ತಂಗಿಯ ಪತ್ರ. ಪ್ರಶಾಂತಿ ಡ್ಯೂಟಿಯ ಬಟ್ಟೆಯಲ್ಲೇ ಹಾಸ್ಟೆಲಿಗೆ ಓಡಿಬಂದಳು. ಮಧ್ಯಾಹ್ನದ ಊಟಕ್ಕೆ ಅನ್ನ ಬಸಿಯುವ ಹೊತ್ತು. ಅವಳ ಮುಖ ನೋಡಿಯೇ ಹಂಪಮ್ಮನಿಗೆ ತಿಳಿಯಿತು. ಸೌಟು ಕೆಳಗಿಟ್ಟು, "ಯಾವಾಗ?" ಎಂದಳು.

"ಹೋದ ತಿಂಗಳು. ಇಪ್ಪತ್ತಕ್ಕ."

"ಓದು. ಪೂರ್ತಿ ಓದು."

ಪ್ರಶಾಂತಿ ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಕಾಯಿಲೆ ಬೇಸಿಗೆಯಲ್ಲೇ ಶುರುವಾಗಿತ್ತು. ಮರೆವು ಬಂತು. ಕೊನೆಯ ಒಂದು ತಿಂಗಳು ಇಂಗ್ಲಿಷ್ ಪೂರ್ತಿ ಬಿಟ್ಟುಹೋಯಿತು. ಅಕ್ಕ ನಿಮ್ಮ ಭಾಷೆಯೊಂದರಲ್ಲೇ ಮಾತಾಡುತ್ತಿದ್ದಳು ಎಂದು ತಂಗಿ ಬರೆದಿದ್ದಳು. ಇಡೀ ದಿನ ಮಾತಾಡುತ್ತಿದ್ದಳು. ಕೆಲವೊಮ್ಮೆ ಯಾರ ಜೊತೆಗೋ ಜಗಳ ಆಡಿದಂತೆ, ಕೆಲವೊಮ್ಮೆ ಬೇಡಿಕೊಂಡಂತೆ, ಒಮ್ಮೊಮ್ಮೆ ನಗುತ್ತ. ನಮಗೆ ಯಾರಿಗೂ ಒಂದು ಶಬ್ದವೂ ತಿಳಿಯಲಿಲ್ಲ. ಕೈ ಹಿಡಿದುಕೊಂಡು ತಲೆಯಾಡಿಸುತ್ತಿದ್ದೆವು, ಕ್ಷಮಿಸಿ.

"ಏನಂದ್ರಂತ?"

"ಅವರಿಗೆ ತಿಳೀಲಿಲ್ಲಂತ ದೊಡ್ಡವ್ವಾ."

"ಒಂದ ಮಾತಾದ್ರೂ ಬರದಾರೇನು ನೋಡು. ಹೆಸರಾದ್ರೂ."

ಪ್ರಶಾಂತಿ ಹಾಳೆ ತಿರುವಿ ನೋಡಿದಳು. "ಇಲ್ಲ" ಎಂದಳು.

ಹಂಪಮ್ಮ ಒಲೆಯ ಮುಂದೆ ಕುಳಿತಳು. ಆಮೇಲೆ ಕೇಳಿದಳು: "ನೀರು ಬೇಕಂದ್ರ ಯಾರಿಗೆ ಹೇಳಿದ್ರು?"

ಪ್ರಶಾಂತಿ ಪತ್ರ ಮಡಚಿದಳು. ಪಕ್ಕದಲ್ಲಿ ಕುಳಿತು ಅವಳ ಬೆನ್ನ ಮೇಲೆ ಕೈಯಿಟ್ಟಳು.

"ನೋವಾದ್ರ ಯಾರಿಗೆ ಹೇಳಿದ್ರು? ಹಾಸಿಗಿ ಬದಲ ಮಾಡ್ರಿ ಅಂತ ಯಾರಿಗೆ ಅಂದ್ರು? ಎಂಥಾ ಮಂದಿ ಅವರು, ತಲಿ ಆಡಸ್ತಾರಂತ." ಅವಳ ದನಿ ಏರುತ್ತ ಹೋಯಿತು, ತಟ್ಟನೆ ಇಳಿಯಿತು. "ಅವರದೇನ್ ತಪ್ಪು. ಆ ಎರಡ ದಿನ ನಾ ಬಾಯಿ ಬಿಟ್ಟಿದ್ರ ನಿನ್ನ ಕೈಲೆ ಒಂದ ಚೀಟಿ ಬರಸ್ತಿದ್ದೆ ಪ್ರಶಾಂತಿ. ನೀರಂದ್ರ ಇದು, ನೋವಂದ್ರ ಇದು, ಸಾಕಂದ್ರ ಇದು ಅಂತ. ಅವರ ಚೀಲದಾಗ ಇಡ್ತಿದ್ದೆ. ಹತ್ತ ಮಾತು ಇದ್ರ ಸಾಕಾಗ್ತಿತ್ತು."

"ಅವರ ಮಾತು ಹೋಗ್ತೈತಂತ ಯಾರಿಗೆ ಗೊತ್ತಿತ್ತು ದೊಡ್ಡವ್ವಾ?"

"ನನಗ ಗೊತ್ತಾಗಬೇಕಿತ್ತು" ಎಂದಳು ಹಂಪಮ್ಮ.

ಹೊರಗೆ ಗಂಟೆ ಹೊಡೆಯಿತು. ಹುಡುಗಿಯರು ತಟ್ಟೆ ಹಿಡಿದು ಸಾಲಾಗಿ ಬಂದರು, ಒಳಗೆ ನೋಡಿ ಸದ್ದು ನಿಲ್ಲಿಸಿದರು. ಅವತ್ತು ಅವರಿಗೆಲ್ಲ ಪ್ರಶಾಂತಿಯೇ ಬಡಿಸಿದಳು. ಹಂಪಮ್ಮ ಅಡುಗೆಮನೆಯ ಹಿಂದಿನ ಕಟ್ಟೆಗೆ ಹೋಗಿ ಕುಳಿತು, ಮಂಡಿಗಳ ನಡುವೆ ಮುಖ ಇಟ್ಟು, ಒಂದು ವರ್ಷದಿಂದ ಅಳದಿದ್ದುದನ್ನೆಲ್ಲ ಅತ್ತಳು.